ನಿಮಗಿದು ಗೊತ್ತೇ? ಸಿನಿಮಾದ ಮೊದಲ ಎರಡು ನಿಮಿಷ

ಹದಿಹರೆಯದವರ ಸಿನಿಮಾ ಅಂದರೆ ಶಾಲೆಯ ಗಂಟೆ, ಕೊನೆ ಬೆಂಚು, ಗೆಳೆಯರ ಗುಂಪು, ಹೊಸದಾಗಿ ಬಂದ ಹುಡುಗಿ, ಜೋರು ಹಾಡು. ಇವೇ ಆ ಪ್ರಕಾರದ ರೂಢಿಗಳು. ಇದು ಯಾರ ಕಥೆ, ಯಾವ ಊರಿನದು, ನಗಬೇಕೋ ಅಳಬೇಕೋ ಅನ್ನುವುದನ್ನು ನೋಡುಗರು ಮೊದಲ ಎರಡು ನಿಮಿಷದಲ್ಲಿ ಇವುಗಳಿಂದಲೇ ಹಿಡಿಯುತ್ತಾರೆ. ಮೊಬೈಲ್ ಹಿಡಿದು ಸಿನಿಮಾ ಮಾಡಲು ಹೊರಟ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಹುಡುಗ ಹುಡುಗಿಯರಿಗಾಗಿ ಈ ಸಲದ ಕಂತು.

ಪ್ರಕಾರದ ರೂಢಿಗಳನ್ನು ಕಲಿಸುವ, ನಮಗೆ ಸಿಕ್ಕಿರುವ ಕನ್ನಡದ ಮೊದಲ ಪುಸ್ತಕ ಹುಟ್ಟಿದ್ದು ನಿಮ್ಮ ಮಳಖೇಡದಲ್ಲೇ. ಆಗ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯ ಸುಮಾರು 850ರಲ್ಲಿ ಬರೆದ 'ಕವಿರಾಜಮಾರ್ಗ' ಕಾವ್ಯ ಕಟ್ಟುವವರಿಗೆ ಕೈಪಿಡಿ. ಚತ್ತಾಣ, ಬೆದಂಡೆ ಎಂಬ ಕನ್ನಡದ್ದೇ ಪ್ರಕಾರಗಳ ಹೆಸರುಗಳೂ ಅದರಲ್ಲಿವೆ. ಈ ನಾಡಿನ ಜನ ಓದದೆಯೂ ಕಾವ್ಯ ಕಟ್ಟಬಲ್ಲರು ಎಂದು ಹೆಮ್ಮೆಪಟ್ಟ ಗ್ರಂಥವದು. ಫಿಲ್ಮ್ ಶಾಲೆಗೆ ಹೋಗಿಲ್ಲ ಎಂಬ ಅಳುಕು ಇದ್ದವರು ಆ ಮಾತನ್ನು ನೆನೆಯಬೇಕು.

ಅದೇ ಗ್ರಂಥ ಹೊಂದದ ಪದಗಳ ಬೆರಕೆಯನ್ನು ಕುದಿವ ಹಾಲಿಗೆ ಮಜ್ಜಿಗೆ ಹನಿ ಬಿದ್ದುದಕ್ಕೆ ಹೋಲಿಸುತ್ತದೆ. ಶಾಲೆಯ ತಮಾಷೆ ದೃಶ್ಯಕ್ಕೆ ದೆವ್ವದ ಸಿನಿಮಾದ ಸಂಗೀತ ಹಾಕಿದರೂ ಆಗುವುದು ಇದೇ.

ಕವಿರಾಜಮಾರ್ಗಕ್ಕೆ ಆಧಾರವಾದ ದಂಡಿಯ 'ಕಾವ್ಯಾದರ್ಶ' ಮಹಾಕಾವ್ಯದ ಆರಂಭಕ್ಕೆ ಮೂರು ದಾರಿ ಹೇಳುತ್ತದೆ: ಆಶೀರ್ವಾದ, ನಮಸ್ಕಾರ, ಇಲ್ಲವೇ ಕಥಾವಸ್ತುವಿನ ಸೂಚನೆ. ಹದಿಹರೆಯದ ಸಿನಿಮಾಕ್ಕೆ ಮೂರನೆಯದೇ ಸರಿ.

ನಾಯಕನ 'ಎಂಟ್ರಿ' ಸಿನಿಮಾದವರು ಕಂಡುಹಿಡಿದದ್ದಲ್ಲ. ನಮ್ಮ ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು ಹೆಸರೇನು, ಊರು ಯಾವುದು, ಬಂದ ಕಾರಣವೇನು ಅಂತ ಕೇಳುತ್ತಾನೆ. ಈ ಮೂರು ಪ್ರಶ್ನೆಗೆ ಮಾತಿಲ್ಲದೆ, ಬರೀ ಚಿತ್ರದಲ್ಲಿ ಉತ್ತರ ಕೊಟ್ಟರೆ ಒಳ್ಳೆಯ ಆರಂಭ ಸಿಕ್ಕಿತೆಂದೇ ಲೆಕ್ಕ.

ಹಾಗೆ ಕೊಟ್ಟವರಲ್ಲಿ ನನಗೆ ತುಂಬ ಇಷ್ಟವಾದವರು ಫ್ರಾನ್ಸಿನ ಫ್ರಾನ್ಸುವಾ ತ್ರುಫೊ. 1959ರ 'ದಿ ಫೋರ್ ಹಂಡ್ರೆಡ್ ಬ್ಲೋಸ್' ಪ್ಯಾರಿಸ್ಸಿನ ಬೀದಿಗಳಲ್ಲಿ ಓಡುವ ಕ್ಯಾಮೆರಾದಿಂದ ಶುರುವಾಗುತ್ತದೆ. ಕಟ್ಟಡಗಳ ಹಿಂದೆ ಐಫೆಲ್ ಗೋಪುರ ಮತ್ತೆ ಮತ್ತೆ ಇಣುಕುತ್ತದೆ. ಆಮೇಲೆ ತರಗತಿ. ಒಂದು ಹೆಣ್ಣಿನ ಚಿತ್ರ ಬೆಂಚಿನಿಂದ ಬೆಂಚಿಗೆ ಕೈ ಬದಲಾಯಿಸುತ್ತದೆ. ಎಲ್ಲರೂ ನೋಡಿದ್ದಾರೆ, ಸಿಕ್ಕಿಬೀಳುವವನು ಕಥಾನಾಯಕ ಆಂತ್ವಾನ್ ಒಬ್ಬನೇ. ಮೇಷ್ಟ್ರು ಅವನನ್ನು ಮೂಲೆಗೆ ಅಟ್ಟುತ್ತಾರೆ. ಹುಡುಗನ ಇಡೀ ಪಾಡು ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ. ಐಫೆಲ್ ಗೋಪುರದ ಜಾಗದಲ್ಲಿ ಮಳಖೇಡದ ಕೋಟೆ ಬುರುಜು, ಸಿಮೆಂಟ್ ಕಾರ್ಖಾನೆಯ ಚಿಮಣಿ ಇಟ್ಟು ನೋಡಿ.

1955ರಲ್ಲಿ ಬಂದ 'ಬ್ಲ್ಯಾಕ್‌ಬೋರ್ಡ್ ಜಂಗಲ್' ಶೀರ್ಷಿಕೆಯ ಮೇಲೆಯೇ 'ರಾಕ್ ಅರೌಂಡ್ ದ ಕ್ಲಾಕ್' ಹಾಡು ಹಾಕಿತು. ಜಾರ್ಜ್ ಲೂಕಾಸ್ 1973ರ 'ಅಮೆರಿಕನ್ ಗ್ರಾಫಿಟಿ'ಯನ್ನು ಶುರು ಮಾಡಿದ್ದೂ ಅದೇ ಹಾಡಿನಿಂದ, ರೇಡಿಯೊ ತಿರುಗಿಸುವ ಸದ್ದಿನ ಹಿಂದೆಯೇ. ಹರೆಯದ ಸಿನಿಮಾದಲ್ಲಿ ಹಾಡು ಪಾತ್ರದ ಗುರುತು. 1999ರ 'ಟೆನ್ ಥಿಂಗ್ಸ್ ಐ ಹೇಟ್ ಅಬೌಟ್ ಯೂ' ಆರಂಭದಲ್ಲಿ ಹುಡುಗಿಯರ ಒಂದು ಕಾರು ಒಂದು ಹಾಡು ಕೇಳುತ್ತಿದ್ದರೆ, ಪಕ್ಕಕ್ಕೆ ಬಂದು ನಿಂತ ಹಳೆ ಕಾರಿನ ನಾಯಕಿ ಅದನ್ನು ಮುಳುಗಿಸುವಷ್ಟು ಜೋರಾಗಿ ಬೇರೆಯದನ್ನು ಹಾಕಿರುತ್ತಾಳೆ. ಅವಳ ಸ್ವಭಾವಕ್ಕೆ ಬೇರೆ ವಿವರಣೆ ಬೇಕಿಲ್ಲ.

ಇಂಗ್ಲೆಂಡಿನ ಮಾಧ್ಯಮ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷಾ ಮಂಡಳಿ ಇದನ್ನೇ ಪಠ್ಯವಾಗಿಸಿತ್ತು: ಹೊಸ ಕಥಾಚಿತ್ರದ ಶೀರ್ಷಿಕೆ ಮತ್ತು ಆರಂಭ ಮಾತ್ರ, ಹೆಚ್ಚೆಂದರೆ ಎರಡು ನಿಮಿಷ.

ಕನ್ನಡದಲ್ಲಿ? ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ನಾಯಕ ರಾಮಾಚಾರಿಯ ಸಿಟ್ಟನ್ನು ಚಿತ್ರದುರ್ಗದ ಕಲ್ಲುಬಂಡೆಗಳ ನಡುವೆಯೇ ಬೆಳೆಸಿತು. ರವಿಚಂದ್ರನ್ ಅವರ 'ಪ್ರೇಮಲೋಕ' (1987) ಕಾಲೇಜು, ಬೈಕು, ಹಂಸಲೇಖರ ಹಾಡುಗಳನ್ನು ಒಂದಾಗಿಸಿತು. ರೂಪಾ ರಾವ್ ಅವರ 'ಗಂಟುಮೂಟೆ' (2019) ಮಾತ್ರ ರೂಢಿಯನ್ನು ಸರಿಯಾಗಿ ತಿರುಗಿಸಿತು: ಅದೇ ಶಾಲೆ, ಅದೇ ಮೊದಲ ಪ್ರೀತಿ, ಆದರೆ ನೋಡುವ ಕಣ್ಣು ಹುಡುಗನದಲ್ಲ, 16ರ ಹುಡುಗಿಯದು. ಎಲ್ಲವನ್ನೂ ಬದಲಿಸಬೇಕಿಲ್ಲ, ಒಂದನ್ನು ಬದಲಿಸಿದರೆ ಸಾಕು.

ನೆರೆಯ ಸೊಲ್ಲಾಪುರ ಜಿಲ್ಲೆಯ ಕಥೆ 'ಸೈರಾಟ್' (2016). ನಾಗರಾಜ ಮಂಜುಳೆ ಅದನ್ನು ಹಳ್ಳಿಯ ಕ್ರಿಕೆಟ್ ಪಂದ್ಯದಿಂದ ಆರಂಭಿಸಿದರು. ಮೈಕಿನ ಕಾಮೆಂಟರಿಯ ನೆವದಲ್ಲೇ ಊರು, ಊರಿನ ಹುಡುಗರು ಪರಿಚಯವಾಗುತ್ತಾರೆ. ಪಂದ್ಯದ ಮೈದಾನ, ಮೈಕು ನಿಮ್ಮೂರಲ್ಲೂ ಇವೆ. ಕಾಮೆಂಟರಿ ಮಾತ್ರ ನಿಮ್ಮದೇ ಮಾತಿನಲ್ಲಿರಲಿ. 'ಏನ್ ಮಾಡ್ಲಿಕತ್ತಿಯೋ?' ಅಂತ ಕೇಳುವ ಹುಡುಗನ ಬಾಯಿಗೆ ಬೆಂಗಳೂರಿನ ಮಾತು ತುರುಕಬೇಡಿ.

ಊರಿಗೆ ಹೊಸಬರು ಬರುವುದು ಇನ್ನೊಂದು ಹಳೆಯ ಆರಂಭ. ರೈಲು ನಿಲ್ದಾಣಕ್ಕೆ ಬರುವ ತುಣುಕನ್ನು ಲ್ಯೂಮಿಯೇರ್ ಸಹೋದರರು 1896ರಲ್ಲಿ ತೋರಿಸಿದಾಗ ಸಿಕಂದರಾಬಾದ್–ವಾಡಿ ಮಾರ್ಗಕ್ಕೆ ಆಗಲೇ 22 ವರ್ಷ. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಮೂರೂ ಅದೇ 1874ರ ಮಾರ್ಗದ ನಿಲ್ದಾಣಗಳು; ನಿಮ್ಮ ಕಥೆಯ ಹೊಸಬರು ಅಲ್ಲೇ ಇಳಿಯಲಿ.

ವಿದ್ಯಾರ್ಥಿ ಕಥೆಗೆ ಚಿತ್ತಾಪುರದ ಹತ್ತಿರದ ನಾಗಾವಿಗಿಂತ ಒಳ್ಳೆಯ ಜಾಗ ಯಾವುದಿದೆ? ಅಲ್ಲಿದ್ದ ಘಟಿಕಾಸ್ಥಾನ ಎಂಬ ಹಳೆಯ ವಿದ್ಯಾಕೇಂದ್ರದ 1058ರ ಶಾಸನದಲ್ಲಿ ಪುಸ್ತಕ ಭಂಡಾರ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರ ಉಲ್ಲೇಖವೂ ಇದೆ. ಇಂದಿನ ಕಾಲೇಜು ಹುಡುಗಿಯೊಬ್ಬಳು ಅಲ್ಲಿಯ ಕಲ್ಲುಕಂಬಗಳ ನಡುವೆ ಕೂತು ಪರೀಕ್ಷೆಗೆ ಓದುತ್ತಿರುವುದೇ ಮೊದಲ ಶಾಟ್ ಆಗಬಹುದು.

ಪುಂಡ ಹುಡುಗನ ಕೈಗೆ ಸಿಗರೇಟು ಕೊಡುವುದೂ ಹಳೆ ರೂಢಿ. ಚಿತ್ರಮಂದಿರದಲ್ಲಿ ತೋರಿಸುವ ಸಿನಿಮಾದಲ್ಲಿ ತಂಬಾಕು ಕಂಡರೆ, ಆರಂಭದಲ್ಲೇ ಕನಿಷ್ಠ 30 ಸೆಕೆಂಡಿನ ಆರೋಗ್ಯ ಸಂದೇಶ ಕಡ್ಡಾಯ. ನಿಮ್ಮ ಆರಂಭಕ್ಕಿಂತ ಮುಂಚೆ ಅದು ಬಂದು ಕೂರುತ್ತದೆ. ಸಿಗರೇಟು ಬಿಡಿ, ಅವನ ಕೈಗೆ ಕವಣೆ ಕೊಡಿ.

2023ರ ಸಿನಿಮಾ ಕಾಯ್ದೆ ತಿದ್ದುಪಡಿಯ ನಂತರ ಯು/ಎ ಪ್ರಮಾಣಪತ್ರ 7+, 13+, 16+ ಎಂದು ಮೂರಾಗಿದೆ. ನಿಮ್ಮ ಕಥೆ ಯಾವ ವಯಸ್ಸಿನವರಿಗೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ.

ಶಹಾಬಾದಿ ಕಲ್ಲು ಹಾಸಿದ ಶಾಲೆಯ ಪಡಸಾಲೆಯಲ್ಲಿ, ಕ್ಯಾಮೆರಾ ನೆಲಕ್ಕೆ ತಾಗಿಸಿ, ಬರಿಗಾಲುಗಳು ಓಡುವುದನ್ನು ಬೆಳಗಿನ ಓರೆ ಬಿಸಿಲಲ್ಲಿ ತೆಗೆದು ನೋಡಿ. ಖರ್ಚಿಲ್ಲ. ಆದರೆ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಚಿತ್ರೀಕರಣಕ್ಕೆ ರೈಲ್ವೆಯವರ ಅನುಮತಿ ಬೇಕು, ಶಾಲೆಯಲ್ಲಿ ತೆಗೆಯಲು ಹೆಡ್‌ಮಾಸ್ತರರದು. ಎರಡನ್ನೂ ಮುಂಚೆಯೇ ಕೇಳಿ ಪಡೆಯಿರಿ, ಹಳಿಯ ಮೇಲೆ ಮಾತ್ರ ಯಾರೂ ಇಳಿಯಬೇಡಿ.