ಮೀಟರಿನೊಳಗಿನ ಲೆಕ್ಕ ಉದ್ಯಮಿಯ ಕೈಗೆ

ವಿದ್ಯುತ್ ಬಿಲ್ ಬಂದೊಡನೆ ಕಾರ್ಖಾನೆಯ ಮಾಲೀಕರು ನೋಡುವುದು ಯೂನಿಟ್‌ಗಳ ಸಂಖ್ಯೆಯನ್ನು. ಯೂನಿಟ್ ಇಳಿದರೂ ಮೊತ್ತ ಏರಿರುವುದು ಅನೇಕರಿಗೆ ಒಗಟಾಗಿ ಕಾಣುತ್ತದೆ. ಇದರ ಉತ್ತರ ಬಹುಮಟ್ಟಿಗೆ ಮೀಟರಿನೊಳಗೇ ಇರುತ್ತದೆ.

ತಿರುಗುವ ತಟ್ಟೆಯ ಹಳೆಯ ಮೀಟರು ಒಟ್ಟು ಬಳಕೆಯನ್ನಷ್ಟೇ ತೋರಿಸುತ್ತಿತ್ತು. ಉದ್ದಿಮೆಗಳಿಗೆ ಅಳವಡಿಸುವ ಎಲೆಕ್ಟ್ರಾನಿಕ್ ಮೀಟರು 15 ಅಥವಾ 30 ನಿಮಿಷಗಳ ಸರಾಸರಿ ಬೇಡಿಕೆಯನ್ನು ಸಾಲಾಗಿ ದಾಖಲಿಸುತ್ತದೆ. ತಿಂಗಳಲ್ಲಿ ಬಂದ ಅತ್ಯಧಿಕ ಅಂಕಿಯೇ ಗರಿಷ್ಠ ಬೇಡಿಕೆ. ಫೇಸ್ ಕಡಿತಗೊಂಡ ದಿನಾಂಕ ಮತ್ತು ವೇಳೆಯೂ ಅದರಲ್ಲಿ ಉಳಿಯುತ್ತದೆ. ಮೀಟರಿನ ಮುಖದಲ್ಲಿರುವ ಆಪ್ಟಿಕಲ್ ಪೋರ್ಟಿಗೆ ಕೇಬಲ್ ಜೋಡಿಸಿ, ‘ಸಿಎಂಆರ್‌ಐ’ ಎಂಬ ಕೈಸಾಧನಕ್ಕೆ ಈ ಅಂಕಿ-ಅಂಶಗಳನ್ನು ಇಳಿಸಿಕೊಂಡು ಕಚೇರಿಯ ಕಂಪ್ಯೂಟರಿಗೆ ವರ್ಗಾಯಿಸುವ ಕ್ರಮವಿದೆ. ಮೋಡೆಮ್ ಇದ್ದಲ್ಲಿ ಸಿಬ್ಬಂದಿ ಬರುವ ಅಗತ್ಯವೂ ಇಲ್ಲ. ಮೊದಲು ಒಬ್ಬೊಬ್ಬ ತಯಾರಕರ ಮೀಟರಿಗೆ ಒಂದೊಂದು ತಂತ್ರಾಂಶ ಬೇಕಾಗುತ್ತಿತ್ತು. 2011ರಲ್ಲಿ ಪ್ರಕಟವಾದ ಐಎಸ್ 15959 ಮಾನಕವು ಎಲ್ಲ ಮೀಟರುಗಳಿಗೂ ಒಂದೇ ಭಾಷೆಯನ್ನು ಒದಗಿಸಿತು.

ಮೋಟಾರ್ ಚಾಲನೆಯ ಆರಂಭದಲ್ಲಿ ಎಳೆಯುವ ಅಧಿಕ ವಿದ್ಯುತ್ತೇ ಗರಿಷ್ಠ ಬೇಡಿಕೆ ಏರಲು ಕಾರಣವೆಂಬ ನಂಬಿಕೆ ಹಲವು ಘಟಕಗಳಲ್ಲಿದೆ. ಅದು ಪೂರ್ಣ ಸತ್ಯವಲ್ಲ. ಕೆಲವೇ ಕ್ಷಣಗಳ ಆ ಏರಿಕೆ 15 ನಿಮಿಷಗಳ ಸರಾಸರಿಯಲ್ಲಿ ಬಹುಪಾಲು ಕರಗಿಹೋಗುತ್ತದೆ. ನಿಜವಾದ ಹೊರೆ ಯಂತ್ರಗಳು ಜೊತೆಯಾಗಿ ಓಡುವುದರಿಂದ ಬರುತ್ತದೆ. ಉದಾಹರಣೆಗೆ, 50 ಕಿಲೋವ್ಯಾಟ್ ಮಂಜೂರಾದ ಘಟಕದಲ್ಲಿ 40 ಕಿಲೋವ್ಯಾಟ್ ಕುಲುಮೆಯೂ 20 ಕಿಲೋವ್ಯಾಟ್ ಕಂಪ್ರೆಸರೂ ಒಂದೇ ಅವಧಿಯ 15 ನಿಮಿಷ ಪೂರ್ತಿ ಓಡಿದರೆ ದಾಖಲಾಗುವುದು 60. ಕಂಪ್ರೆಸರನ್ನು ಆ ಅವಧಿಯಲ್ಲಿ 5 ನಿಮಿಷ ಮಾತ್ರ ಓಡಿಸಿದರೆ ಅಂಕಿ 47ನ್ನು ಮುಟ್ಟುವುದಿಲ್ಲ. ಮಿತಿ ಮೀರಿದ ಬೇಡಿಕೆಗೆ ದುಬಾರಿ ದರ ತೆರುವ ಮಾಲೀಕರು, ಯಾವ ದಿನ ಎಷ್ಟು ಗಂಟೆಗೆ ಅದು ಮೀರಿತೆಂಬ ಲೋಡ್ ಸರ್ವೆ ಪ್ರತಿಯನ್ನು ಉಪವಿಭಾಗ ಕಚೇರಿಯಲ್ಲಿ ಆರ್.ಆರ್. ಸಂಖ್ಯೆ ನಮೂದಿಸಿ ಲಿಖಿತವಾಗಿ ಕೋರುವುದು ಒಳಿತು. ಪಾಳಿಯ ವೇಳೆಯನ್ನು ಅರ್ಧ ಗಂಟೆ ಹಿಂದುಮುಂದು ಮಾಡಿದರೆ ಸಾಕಾಗುವ ಕಡೆ ಹೆಚ್ಚುವರಿ ಲೋಡ್ ಪಡೆಯಲು ಹಣ ಸುರಿಯುವುದೇಕೆ?

ಸ್ಮಾರ್ಟ್ ಮೀಟರು ಬಂದ ಘಟಕಗಳಿಗೆ ಕೇಂದ್ರ ಸರ್ಕಾರದ ಗ್ರಾಹಕ ಹಕ್ಕುಗಳ ನಿಯಮಗಳ 2023ರ ತಿದ್ದುಪಡಿ ಮುಖ್ಯವಾದುದು. ಹೊಸ ಮೀಟರು ತೋರಿಸಿದ ಗರಿಷ್ಠ ಬೇಡಿಕೆಯನ್ನು ಆಧರಿಸಿ ಅದನ್ನು ಅಳವಡಿಸುವ ಹಿಂದಿನ ಅವಧಿಗೆ ದಂಡ ವಿಧಿಸುವಂತಿಲ್ಲ. ಬೇಡಿಕೆಯ ಆಧಾರದಲ್ಲಿ ಮಂಜೂರಾತಿಯನ್ನು ಏರಿಸಬೇಕಿದ್ದರೆ, ಹಣಕಾಸು ವರ್ಷವೊಂದರಲ್ಲಿ ಕನಿಷ್ಠ 3 ಬಾರಿ ಮಿತಿ ಮೀರಿರಬೇಕು. ಹಾಗೆ ಮೀರಿದ ತಿಂಗಳುಗಳ ಅಂಕಿಗಳಲ್ಲಿ ಅತಿ ಕಡಿಮೆಯದೇ ಆಧಾರ. 10 ಕಿಲೋವ್ಯಾಟ್ ಮೀರಿದ ಬೇಡಿಕೆಯುಳ್ಳ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ ವೇಳೆಗೆ ತಕ್ಕ ದರವನ್ನು 2024ರ ಏಪ್ರಿಲ್ 1ರೊಳಗೆ ಜಾರಿಗೊಳಿಸಬೇಕೆಂದೂ ಅದೇ ತಿದ್ದುಪಡಿ ವಿಧಿಸಿತ್ತು.

ತಿಂಗಳ ಕೊನೆಯವರೆಗೆ ಕಾಯಲು ಇಷ್ಟಪಡದವರು ಮೀಟರಿನ ಮಿನುಗುವ ದೀಪದ ಮುಂದೆ ಬೆಳಕಿನ ಸಂವೇದಕವನ್ನಿಟ್ಟು ಎಣಿಕೆ ಮಾಡಬಹುದು, ಇಲ್ಲವೇ ತಮ್ಮ ಪ್ಯಾನೆಲ್ಲಿನಲ್ಲಿ ಪ್ರತ್ಯೇಕ ಮೀಟರನ್ನು ಹಾಕಿಸಬಹುದು. ಕಂಪನಿಯ ಮೀಟರಿನ ಸೀಲನ್ನು ಮಾತ್ರ ಯಾವ ಎಲೆಕ್ಟ್ರಿಷಿಯನ್ ಹೇಳಿದರೂ ಮುಟ್ಟಕೂಡದು.