ನೀರು ಬಂತು ಸರಿ, ಕೆಸರನ್ನ ಯಾರು ನೋಡ್ತಾರೆ?

ಜಗಳೂರಿನ ಕೆರೆಗೆ ತುಂಗಭದ್ರೆಯ ನೀರು ಬಿದ್ದಿದ್ದನ್ನ ಟಿವಿಯಲ್ಲಿ ನೀವೂ ನೋಡಿರ್ತೀರಿ. ಬರ, ಸಾವಿರ ಅಡಿ ಬೋರು, ಫ್ಲೋರೈಡ್ ನೀರು ಅಂತಲೇ ಸುದ್ದಿಯಾಗ್ತಿದ್ದ ತಾಲ್ಲೂಕು ಅದು. ಹರಿಹರ ತಾಲ್ಲೂಕಿನ ದೀಟೂರಿನಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಅಲ್ಲಿನ ಜನರ ದೊಡ್ಡ ಕನಸು. ಆ ಸಂಭ್ರಮಕ್ಕೆ ತಣ್ಣೀರು ಎರಚೋದು ನನ್ನ ಉದ್ದೇಶ ಅಲ್ಲ. ಆದರೆ ಕ್ಯಾಮೆರಾ ನೀರಿನ ಮೇಲೆ ಮಾತ್ರ ಓಡುತ್ತೆ. ನಾನು ಇವತ್ತು ತಳದ ಕೆಸರಿನ ಬಗ್ಗೆ, ಅದರಲ್ಲಿರೋ ಒಂದು ಹುಳುವಿನ ಬಗ್ಗೆ ಹೇಳ್ತೀನಿ.

ಅಕ್ವೇರಿಯಂ ಇಟ್ಟವರಿಗೆ ಅದು ಗೊತ್ತು. ಮೀನಿಗೆ ಹಾಕುವ ಕೆಂಪು ದಾರದಂಥ ಹುಳು, ಟ್ಯೂಬಿಫೆಕ್ಸ್. ಎರೆಹುಳುವಿನ ಬಂಧು. ತಲೆ ಕೆಸರಿನೊಳಗೆ, ಬಾಲ ನೀರಲ್ಲಿ. ಕೆಸರನ್ನೇ ತಿನ್ನುತ್ತೆ, ಅಲ್ಲಾಡಿಸೋ ಬಾಲದಿಂದ ಉಸಿರಾಡುತ್ತೆ. ನಮ್ಮ ರಕ್ತದ ಹಾಗೆ ಅದರದ್ದೂ ಕೆಂಪು. ಆಮ್ಲಜನಕ ತೀರಾ ಕಮ್ಮಿ ಇರೋ ಚರಂಡಿಯಲ್ಲೂ ಬದುಕುತ್ತೆ. ಅಷ್ಟು ಗಟ್ಟಿ ಜೀವ.

ಇಂಥ ಜೀವವನ್ನೂ ತಾಮ್ರ, ಕ್ಯಾಡ್ಮಿಯಂ ಕೊಲ್ಲುತ್ತವೆ. ಹೇಗೆ? ಕ್ಯಾಡ್ಮಿಯಂ ಅಯಾನಿನ ಗಾತ್ರ ಹೆಚ್ಚುಕಮ್ಮಿ ಕ್ಯಾಲ್ಸಿಯಂನಷ್ಟೇ. ಕ್ಯಾಲ್ಸಿಯಂ ಹೋಗೋ ಬಾಗಿಲಲ್ಲೇ ನುಸುಳಿ ಒಳಗೆ ಸೇರಿಕೊಳ್ಳುತ್ತೆ. ಅದಕ್ಕೇ ಗಡಸು ನೀರಲ್ಲಿ ಈ ಲೋಹಗಳ ವಿಷ ಕಮ್ಮಿ. ದಾವಣಗೆರೆ ಬಸ್ಸಿನ ಬಾಗಿಲಲ್ಲಿ ಜನ ಜೋತಾಡ್ತಿದ್ರೆ ಜೇಬುಗಳ್ಳನಿಗೂ ಹತ್ತೋಕೆ ಜಾಗ ಸಿಗಲ್ಲ ನೋಡಿ, ಹಾಗೆ. ಪಾತ್ರೆಯಲ್ಲಿ ಬಿಳಿ ಪದರ ಕಟ್ಟೋ ಜಗಳೂರಿನ ಬೋರ್ ನೀರು ಗಡಸು. ಮಲೆನಾಡಿಂದ ಬರೋ ಹೊಳೆ ನೀರು ಅದಕ್ಕಿಂತ ಮೆದು. ಕುಡಿಯೋರಿಗೆ ಮೆದು ನೀರು ಒಳ್ಳೇದು, ಹುಳುವಿಗೆ ಇದ್ದ ರಕ್ಷಣೆ ಕಮ್ಮಿ.

ಈ ಹುಳು ಇನ್ನೊಂದು ಉಪಾಯ ಮಾಡುತ್ತೆ. ತಾಮ್ರ, ಸೀಸ ಮೈಗೆ ಸೇರಿದಾಗ ಅದನ್ನ ಬಾಲದ ಕಡೆ ಕೂಡಿಟ್ಟು, ಬಾಲವನ್ನೇ ಕಳಚಿ ಬಿಸಾಕುತ್ತೆ! ಆಮೇಲೆ ಹೊಸ ಬಾಲ ಬೆಳೆಯುತ್ತೆ. ಆದರೆ ಕಳಚಿದ ಬಾಲ ಎಲ್ಲಿಗೆ ಹೋಗುತ್ತೆ? ಅದೇ ಕೆಸರಿಗೆ.

ಅಮೆರಿಕದ ಹಡ್ಸನ್ ನದಿ ದಂಡೆಯ ಫೌಂಡ್ರಿ ಕೋವ್ ಕಥೆ ಕೇಳಿ. 1953ರಿಂದ 1979ರವರೆಗೆ ಅಲ್ಲಿನ ಬ್ಯಾಟರಿ ಕಾರ್ಖಾನೆಯ ಕ್ಯಾಡ್ಮಿಯಂ, ನಿಕ್ಕಲ್ ಕೆಸರಿಗೆ ಸೇರಿತು. ಆಶ್ಚರ್ಯ ಏನಂದ್ರೆ, ಟ್ಯೂಬಿಫೆಕ್ಸ್‌ನ ಜಾತಿಭಾಯಿ ಲಿಮ್ನೋಡ್ರಿಲಸ್ ಅಲ್ಲಿ ಆರಾಮಾಗಿ ಬದುಕಿತ್ತು. ಲೆವಿಂಟನ್ ಮತ್ತು ಕ್ಲರ್ಕ್ಸ್ ಎಂಬ ವಿಜ್ಞಾನಿಗಳು ಪರೀಕ್ಷಿಸಿದಾಗ ಗೊತ್ತಾಯ್ತು, ಕೆಲವೇ ದಶಕಗಳಲ್ಲಿ ಅಲ್ಲಿನ ಹುಳುಗಳು ವಿಷ ತಡೆಯೋ ತಳಿಯಾಗಿ ಬದಲಾಗಿದ್ದವು. 1994-95ರಲ್ಲಿ ಕೆಸರು ಎತ್ತಿ ಸ್ವಚ್ಛ ಮಾಡಿದ ಮೇಲೆ, ಕೆಲವೇ ತಲೆಮಾರುಗಳಲ್ಲಿ ಆ ಶಕ್ತಿ ಬಹುಪಾಲು ಹೊರಟೇಹೋಯ್ತು.

ಕೆಸರಲ್ಲಿ ಹುಳು ಬದುಕಿದೆ, ಅಂದ್ರೆ ಕೆಸರು ಸುರಕ್ಷಿತ ಅಂತ ಹೇಳಂಗಿಲ್ಲ. ವಿಷ ತಡೆಯೋ ಹುಳು ಮೈಯಲ್ಲಿ ಹೆಚ್ಚು ಲೋಹ ಹೊತ್ತಿರುತ್ತೆ. ಅದನ್ನ ತಿನ್ನೋರು ಯಾರು? ಕೆಸರು ಕೆದಕಿ ಮೇಯೋ ಗೆಂಡೆ ಮೀನು. ಗೆಂಡೆ ತಿನ್ನೋರು ನಾವು.

ಹಾಗಾದ್ರೆ ನಮ್ಮ ಪರೀಕ್ಷೆ ಹೇಗಿದೆ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2018ರ ಪಟ್ಟಿಯಲ್ಲಿ ಕರ್ನಾಟಕದ 17 ನದಿ ಭಾಗಗಳು ಕಲುಷಿತ. ತುಂಗಭದ್ರೆಯೂ ಇದೆ. ಅಳತೆಗೋಲು ಬಿಒಡಿ, ಅಂದ್ರೆ ಕೊಳೆಯುವ ಸಾವಯವ ಕಸ ಎಷ್ಟು ಆಮ್ಲಜನಕ ತಿನ್ನುತ್ತೆ ಅನ್ನೋ ಲೆಕ್ಕ. ಈ ಲೆಕ್ಕಕ್ಕೆ ಕ್ಯಾಡ್ಮಿಯಂ ಕಾಣೋದೇ ಇಲ್ಲ. ಕುಡಿಯೋ ನೀರಿನ ಭಾರತೀಯ ಮಾನದಂಡದಲ್ಲಿ ಲೀಟರ್‌ಗೆ 0.003 ಮಿಲಿಗ್ರಾಂ ಕ್ಯಾಡ್ಮಿಯಂ, 0.01 ಮಿಲಿಗ್ರಾಂ ಸೀಸ ಅನ್ನೋ ಮಿತಿ ಇದೆ. ಆದರೆ ಅದು ನೀರಿಗೆ. ಲೋಹ ನೀರಲ್ಲಿ ತೇಲ್ತಾ ಕೂರಲ್ಲ, ಮಣ್ಣಿನ ಕಣಕ್ಕೆ ಅಂಟಿ ತಳ ಸೇರುತ್ತೆ. ಇಂಜಿನಿಯರಿಂಗ್ ಓದಿದೋನಾಗಿ ಹೇಳ್ತೀನಿ, ಮೇಲಿನ ನೀರು ತಗೊಂಡು ತಳದ ಬಗ್ಗೆ ಸರ್ಟಿಫಿಕೇಟ್ ಕೊಡೋದು ತಪ್ಪು ಲೆಕ್ಕ.

ಜಗಳೂರಿನ ಕೆರೆಗಳ ತಳದಲ್ಲಿ ವಿಷ ಇದೆ ಅಂತ ನಾನು ಹೇಳ್ತಿಲ್ಲ. ಆದರೆ ನದಿ ಬರೋ ದಾರಿ ನೋಡಿ. ಶಿವಮೊಗ್ಗ, ಭದ್ರಾವತಿ, ಹರಿಹರ. ಊರಿನ ಚರಂಡಿ, ಕಾರ್ಖಾನೆ ಎರಡೂ ಇರೋ ದಾರಿ. ಜೊತೆಗೆ ಗಣೇಶನ ಮೂರ್ತಿಗಳ ಬಣ್ಣ. ಕೆರೆ ಅಂದ್ರೆ ಹರಿದು ಹೋಗೋ ನದಿ ಅಲ್ಲ, ಬಂದಿದ್ದು ಕೂತುಬಿಡುತ್ತೆ. ಇನ್ನು ನಮ್ಮ ಕಡೆ ರೈತರು ಬೇಸಿಗೆಯಲ್ಲಿ ಕೆರೆ ಗೋಡು ಹೊಡೆದು ಹೊಲಕ್ಕೆ ಹಾಕ್ತಾರೆ. ಭೂಮಿಗೆ ಬಲ ಬರುತ್ತೆ ಅಂತ. ತಳದ ಮಣ್ಣು ಶುದ್ಧ ಇದ್ರೆ ಅದಕ್ಕಿಂತ ಒಳ್ಳೇ ಗೊಬ್ಬರ ಇಲ್ಲ. ಇಲ್ಲದಿದ್ರೆ?

ಪರೀಕ್ಷೆಗೆ ರಾಕೆಟ್ ವಿಜ್ಞಾನ ಬೇಕಿಲ್ಲ. ಒಇಸಿಡಿ ದೇಶಗಳು 2008ರಲ್ಲೇ ಇದೇ ಹುಳುಗಳಿಗೆ ಪರೀಕ್ಷಾ ವಿಧಾನ ಬರೆದಿಟ್ಟಿವೆ: ಕೆಸರಲ್ಲಿ ಸುಮಾರು 28 ದಿನ ಬಿಟ್ಟು, ಮೈಗೆ ಎಷ್ಟು ವಿಷ ಸೇರಿದೆ ಅಂತ ಅಳೆಯೋದು. ದಾವಣಗೆರೆಯಲ್ಲೇ ವಿಶ್ವವಿದ್ಯಾಲಯ ಇದೆ. ಮೊದಲು ತುಪ್ಪದಹಳ್ಳಿ ಕೆರೆಯ ಒಂದು ಬಕೆಟ್ ಕೆಸರು ತರಲಿ. ಈಗಲೇ ತಂದ್ರೆ, ಹತ್ತು ವರ್ಷ ಬಿಟ್ಟು ಹೋಲಿಸೋಕೆ ನಮ್ಮ ಕೈಯಲ್ಲಿ ಒಂದು ಮೊದಲ ಅಂಕಿ ಇರುತ್ತೆ.