ಮುಳ್ಳು ಕೊಳ್ಳುವ ಮುನ್ನ ನಿಮ್ಮ ರೆಕಾರ್ಡುಗಳನ್ನು ನೋಡಿ

ಟರ್ನ್‌ಟೇಬಲ್ ಮತ್ತೆ ಮನೆಗಳಿಗೆ ಬಂದಿದೆ. ಊರಿನ ಅಟ್ಟದಿಂದ ಇಳಿಸಿ ತಂದ ರೆಕಾರ್ಡುಗಳ ಪೆಟ್ಟಿಗೆಗೆ ನಮ್ಮ ಮುಂಬಯಿಯ ಪುಟ್ಟ ಫ್ಲ್ಯಾಟುಗಳಲ್ಲೂ ಜಾಗ ಸಿಕ್ಕಿದೆ. ಪ್ಲೇಯರ್, ಸ್ಪೀಕರ್ ಕೊಳ್ಳುವಾಗ ನಾಲ್ಕು ಕಡೆ ವಿಚಾರಿಸುವ ನಾವು, ರೆಕಾರ್ಡಿಗೆ ನೇರವಾಗಿ ತಾಗುವ ಭಾಗವನ್ನು ಮಾತ್ರ ಮರೆತೇಬಿಡುತ್ತೇವೆ. ಅದೇ ಕಾರ್ಟ್ರಿಡ್ಜ್ ಮತ್ತು ಅದರ ತುದಿಯ ವಜ್ರದ ಮುಳ್ಳು. ಸವೆದ ಮುಳ್ಳು ದನಿಯನ್ನು ಕೆಡಿಸುವುದಷ್ಟೇ ಅಲ್ಲ, ರೆಕಾರ್ಡಿನ ಗೆರೆಯನ್ನೂ ಕೆರೆಯುತ್ತದೆ. ಹಾಗೆ ಹೋದದ್ದು ಮತ್ತೆ ಬರುವುದಿಲ್ಲ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಕಳೆದ ವರ್ಷ ಮುಳ್ಳು ಬದಲಿಸುವ ಹೊತ್ತು ಬಂತು. ಎಲ್‌ಪಿಯ ಪ್ರತಿ ಬದಿಯ ಕೊನೆಯ ಹಾಡಿನಲ್ಲಿ ‘ಸ’, ‘ಶ’ ಅಕ್ಷರಗಳು ಬಂದಾಗಲೆಲ್ಲ ಬುಸುಗುಟ್ಟುವ ಸದ್ದು. ರೆಕಾರ್ಡು ತೊಳೆದರೂ ಹೋಗಲಿಲ್ಲ. ಅಂಗಡಿಯವರು, “ದುಬಾರಿಯದನ್ನೇ ಹಾಕಿಸಿ ಸಾಹೇಬರೇ, ಚಿಂತೆಯೇ ಇರುವುದಿಲ್ಲ” ಎಂದರು. ನಾನು ಬೆಲೆ ಕೇಳುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿದೆ.

ಮೊದಲನೆಯದು, ನನ್ನ ಆಂಪ್ಲಿಫೈಯರ್ ಯಾವುದಕ್ಕೆ ಒಗ್ಗುತ್ತದೆ? ಕಾರ್ಟ್ರಿಡ್ಜ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮುಳ್ಳಿನ ಜತೆ ಆಯಸ್ಕಾಂತ ಅಲುಗುವುದು ಮೂವಿಂಗ್ ಮ್ಯಾಗ್ನೆಟ್, ತಂತಿಯ ಸುರುಳಿ ಅಲುಗುವುದು ಮೂವಿಂಗ್ ಕಾಯಿಲ್. ಮೊದಲನೆಯದು ಸಾಮಾನ್ಯವಾಗಿ 3ರಿಂದ 5 ಮಿಲಿವೋಲ್ಟ್ ಕೊಡುತ್ತದೆ. ಎರಡನೆಯದರಲ್ಲಿ ಹೆಚ್ಚಿನವು ಅರ್ಧ ಮಿಲಿವೋಲ್ಟನ್ನೂ ದಾಟುವುದಿಲ್ಲ, ಆದ್ದರಿಂದ ಅವಕ್ಕೆ ಬೇರೆ ಪ್ರೀಆಂಪ್ ಬೇಕು. ಮ್ಯಾಗ್ನೆಟ್ ಜಾತಿಯಲ್ಲಿ ಮುಳ್ಳನ್ನಷ್ಟೇ ಎಳೆದು ತೆಗೆದು ಹೊಸದನ್ನು ಮನೆಯಲ್ಲೇ ಹಾಕಬಹುದು. ಕಾಯಿಲ್ ಜಾತಿಯ ಬಹುತೇಕ ಮಾದರಿಗಳಲ್ಲಿ ಈ ಅನುಕೂಲವಿಲ್ಲ. ನನಗೆ ಮ್ಯಾಗ್ನೆಟ್ಟೇ ಸಾಕೆನಿಸಿತು.

ಎರಡನೆಯದು, ನನ್ನ ಪ್ಲೇಯರಿನ ತೋಳಿಗೆ ಹೊಂದುತ್ತದೆಯೇ? ಇಂದಿನ ಹೆಚ್ಚಿನ ಕಾರ್ಟ್ರಿಡ್ಜ್‌ಗಳನ್ನು ಅರ್ಧ ಇಂಚು ಅಂತರದ ಎರಡು ಸ್ಕ್ರೂಗಳಿಂದ ಬಿಗಿಯುತ್ತಾರೆ. ಮುಳ್ಳಿನ ಮೇಲೆ ಬೀಳುವ ಭಾರ 2 ಗ್ರಾಂ ಆಸುಪಾಸು. ಅಪ್ಪನ ಕಾಲದ ಎಚ್‌ಎಂವಿ ಫಿಯೆಸ್ಟಾದಂಥ ಪೆಟ್ಟಿಗೆ ಪ್ಲೇಯರುಗಳ ತೋಳು ಇಷ್ಟು ನವಿರಾದ ಭಾರಕ್ಕೆ ಮಾಡಿದ್ದಲ್ಲ. ಅದಕ್ಕೆ ಅದರದೇ ಜಾತಿಯ ಮುಳ್ಳು ಹುಡುಕಬೇಕು. ನಿಮ್ಮಲ್ಲಿ ಹಳೆಯ ಶ್ಯೂರ್ ಕಾರ್ಟ್ರಿಡ್ಜ್ ಇದ್ದರೆ ಎಸೆಯಬೇಡಿ. ಆ ಕಂಪನಿ 2018ರಲ್ಲಿ ತಯಾರಿಕೆ ನಿಲ್ಲಿಸಿದರೂ ಅದರ ಹಲವು ಮಾದರಿಗಳಿಗೆ ಜಪಾನಿನ ಜಿಕೋ ಕಂಪನಿ ಮುಳ್ಳು ಮಾಡುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ: ನನ್ನ ಪೆಟ್ಟಿಗೆಯಲ್ಲಿ ಇರುವುದೇನು? ಧಾರವಾಡದಿಂದ ಬಂದ ಅಪ್ಪನ ಸಂಗ್ರಹದಲ್ಲಿ ಹೆಚ್ಚಿನವು ಎಲ್‌ಪಿ, ಒಂದಷ್ಟು 78ರ ಅರಗಿನ ತಟ್ಟೆಗಳು. ಇವೆರಡಕ್ಕೂ ಒಂದೇ ಮುಳ್ಳು ಸಲ್ಲದು. ಎಲ್‌ಪಿಯ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 0.7 ಮಿಲ್, 78ರದ್ದು ಸುಮಾರು 3 ಮಿಲ್. ಎಲ್‌ಪಿಯ ಸಣ್ಣ ಮುಳ್ಳು 78ರ ಅಗಲ ಗೆರೆಯ ತಳಕ್ಕೆ ಜಾರಿ ಧೂಳನ್ನೇ ಓದುತ್ತದೆ. 78ರ ದಪ್ಪ ಮುಳ್ಳು ಎಲ್‌ಪಿಯ ಗೆರೆಯನ್ನು ಹಾಳುಮಾಡುತ್ತದೆ.

ನಾನು ಆರಿಸಿದ್ದು ಆಡಿಯೋ-ಟೆಕ್ನಿಕಾದ ವಿಎಂ95 ಸರಣಿ. ಕಾರಣ ಸರಳ: ಒಂದೇ ಒಡಲಿಗೆ ಆ ಸರಣಿಯ ಬೇರೆ ಬೇರೆ ಮುಳ್ಳುಗಳನ್ನು ಸಿಕ್ಕಿಸಬಹುದು, 78ರದ್ದನ್ನೂ ಸೇರಿಸಿ. ನನ್ನ ಪ್ಲೇಯರಿನಲ್ಲಿ 78ರ ವೇಗವೂ ಇರುವುದರಿಂದ ಇದು ಅನುಕೂಲವಾಯಿತು. ಮುಳ್ಳಿನ ಆಯುಸ್ಸಿಗೂ ಕಂಪನಿ ಲೆಕ್ಕ ಕೊಡುತ್ತದೆ: ದುಂಡು ತುದಿಯದು 500 ಗಂಟೆ, ಎಲಿಪ್ಟಿಕಲ್ 300, ಮೈಕ್ರೋಲೀನಿಯರ್ 1000. ದಿನಕ್ಕೊಂದು ಗಂಟೆ ಕೇಳುವವರಿಗೆ ಎಲಿಪ್ಟಿಕಲ್ ಒಂದು ವರ್ಷವೂ ಬಾಳದು. ಮೈಕ್ರೋಲೀನಿಯರ್ ದುಬಾರಿ ನಿಜ, ಆದರೆ ಬೆಲೆಯನ್ನು ಗಂಟೆಗಳಿಂದ ಭಾಗಿಸಿ ನೋಡಿ, ಅಂತರ ಕಡಿಮೆಯಾಗುತ್ತದೆ. ಬದಿಯ ಕೊನೆಯ ಹಾಡುಗಳನ್ನು ಅದು ಸ್ವಚ್ಛವಾಗಿ ಓದುತ್ತದೆ ಕೂಡ. ಎಲ್‌ಪಿಗೆ ಅದನ್ನೇ ತಂದೆ, 78ಕ್ಕೆ ಬೇರೊಂದು ಮುಳ್ಳು.

78ಕ್ಕಾಗಿ ಪ್ರತ್ಯೇಕ ಖರ್ಚೇಕೆ ಎಂದು ಮನೆಯಲ್ಲಿ ಪ್ರಶ್ನೆ ಬಂತು. ನಾನು ಗಂಗೂಬಾಯಿ ಹಾನಗಲ್ಲರ ಉದಾಹರಣೆ ಕೊಟ್ಟೆ. ಅವರ ಆರಂಭದ ತಟ್ಟೆಗಳು ಬಂದದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ನಾವೆಲ್ಲ ಬಲ್ಲ ಆ ಗಡಸು ದನಿಯಾಯಿತು. ಅದಕ್ಕೂ ಮೊದಲಿನ ತೆಳುವಾದ, ಎತ್ತರದ ದನಿ ಉಳಿದಿರುವುದು ಆ ಹಳೆಯ ತಟ್ಟೆಗಳ ಗೆರೆಗಳಲ್ಲಿ. ಅಂಥ ತಟ್ಟೆ ಯಾರ ಮನೆಯ ಪೆಟ್ಟಿಗೆಯಲ್ಲಿದೆಯೋ ಹೇಳಲಾಗದು. ತಪ್ಪು ಮುಳ್ಳಿಟ್ಟು ಅದನ್ನು ಅಳಿಸುವ ಹಕ್ಕು ನಮಗಿಲ್ಲ.

ಇನ್ನು ಜೋಡಿಸುವ ಕೆಲಸ. ಹಿಂಬದಿಯ ನಾಲ್ಕು ತಂತಿಗಳನ್ನು ಬಣ್ಣ ನೋಡಿ ಸಿಕ್ಕಿಸಿ: ಬಿಳಿ, ನೀಲಿ ಎಡಕ್ಕೆ, ಕೆಂಪು, ಹಸಿರು ಬಲಕ್ಕೆ. ಕೋನ ಹೊಂದಿಸಲು ಅಳತೆ ಪಟ್ಟಿ, ಭಾರಕ್ಕೆ ಪುಟ್ಟ ಡಿಜಿಟಲ್ ತಕ್ಕಡಿ ಇರಲಿ. ಭಾರ ಕಡಿಮೆಯಿದ್ದರೆ ರೆಕಾರ್ಡಿಗೆ ಒಳ್ಳೆಯದೆಂದು ತಿಳಿಯಬೇಡಿ. ಹಗುರಾದ ಮುಳ್ಳು ಗೆರೆಯೊಳಗೆ ನೆಗೆದು ಗೋಡೆಗೆ ಬಡಿಯುತ್ತದೆ. ಕಂಪನಿ ಹೇಳಿದಷ್ಟೇ ಇಡಿ. ಬದಲಿಸಿದ ತಾರೀಕನ್ನು ಪ್ಲೇಯರಿನ ಕೆಳಗೆ ಚೀಟಿ ಬರೆದು ಅಂಟಿಸಿ. ಮುಂದಿನ ಸಲ ಗಂಟೆಗಳ ಲೆಕ್ಕ ಹಾಕಲು ಅದೇ ಆಧಾರ.